ಅಂಗೈಯಲ್ಲಿ ನಿಂತ ತಿರುವೊಟ್ಟಿಯೂರಿನ ಬುಲೆಟ್

ಚೆನ್ನೈ: ತಿರುವೊಟ್ಟಿಯೂರು ಎಂದೊಡನೆ ನಮ್ಮವರಲ್ಲಿ ಅನೇಕರಿಗೆ ನೆನಪಾಗುವುದು ತ್ಯಾಗರಾಜ ಸ್ವಾಮಿ ದೇವಸ್ಥಾನ ಹಾಗೂ ವಡಿವುಡೈ ಅಮ್ಮನ ಸನ್ನಿಧಿ. ಬೈಕ್ ಪ್ರಿಯರಿಗೆ ಮಾತ್ರ ಅದು ಬುಲೆಟ್‌ನ ತವರೂರು. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿದ್ದ ರಾಯಲ್ ಎನ್‌ಫೀಲ್ಡ್ ಕಂಪನಿ 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಕೈಜೋಡಿಸಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯನ್ನು ಕಟ್ಟಿತು. ಮರುವರ್ಷ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಬಾಗಿಲು ತೆರೆಯಿತು. ಆದರೆ ಆರಂಭದ ದಿನಗಳಲ್ಲಿ ಇಲ್ಲಿ ಬೈಕಿನ ಭಾಗಗಳು ತಯಾರಾಗುತ್ತಿರಲಿಲ್ಲ. ರೆಡ್ಡಿಚ್‌ನಿಂದ ಹಡಗಿನಲ್ಲಿ ಬಿಡಿಭಾಗಗಳು ಕಿಟ್ ರೂಪದಲ್ಲಿ ಬರುತ್ತಿದ್ದವು, ಇಲ್ಲಿಯ ಕೆಲಸಗಾರರು ಅವನ್ನು ಜೋಡಿಸುತ್ತಿದ್ದರು. 1956ರ ಕೊನೆಯ ಹೊತ್ತಿಗೆ ಹೀಗೆ ಜೋಡಣೆಯಾದ ಬುಲೆಟ್‌ಗಳು ಒಟ್ಟು 163.

ಕಿಟ್ ಎಂಬ ಈ ಪದ ಇಂದಿಗೂ ಒಂದು ಹವ್ಯಾಸದ ಜೀವಾಳ. ಪೆಟ್ಟಿಗೆ ಬಿಚ್ಚಿ, ಬಿಡಿಭಾಗಗಳನ್ನು ಟೇಬಲ್ ಮೇಲೆ ಹರಡಿ, ನಕ್ಷೆ ನೋಡಿಕೊಂಡು ಒಂದೊಂದಾಗಿ ಕೂಡಿಸಿ, ಬಣ್ಣ ಹಚ್ಚಿ, ನಿಜವಾದ ಯಂತ್ರದ ಪುಟ್ಟ ಪ್ರತಿರೂಪವನ್ನು ನಿಲ್ಲಿಸುವ ಸ್ಕೇಲ್ ಮಾಡೆಲ್ ಹವ್ಯಾಸ ಅದು. ‘ಇದೇನು ಮಕ್ಕಳಾಟಿಕೆ’ ಎಂದು ಮನೆಮಂದಿ ನಕ್ಕರೂ ಸಂಜೆಯಾದೊಡನೆ ಕನ್ನಡಕ ಏರಿಸಿ, ಚಿಮಟ ಹಿಡಿದು ಕೂರುವ ವಯಸ್ಕರು ಜಗತ್ತಿನ ಎಲ್ಲ ಕಡೆ ಇದ್ದಾರೆ.

ಪೆಟ್ಟಿಗೆ ಕಳಿಸಿದವರ ಕಥೆಯೂ ಇಲ್ಲಿ ಹೇಳಬೇಕಾದದ್ದೇ. ರೆಡ್ಡಿಚ್‌ನ ಕಾರ್ಖಾನೆ 1967ರಲ್ಲಿ ಮುಚ್ಚಿತು. 1970ರ ವೇಳೆಗೆ ಇಂಗ್ಲೆಂಡಿನಲ್ಲಿ ರಾಯಲ್ ಎನ್‌ಫೀಲ್ಡ್ ಉತ್ಪಾದನೆಯೇ ನಿಂತುಹೋಯಿತು. ಆದರೆ ಕಿಟ್ ಜೋಡಿಸುತ್ತ ಕೆಲಸ ಕಲಿತ ತಿರುವೊಟ್ಟಿಯೂರು ನಿಲ್ಲಲಿಲ್ಲ. 1977ರಲ್ಲಿ ಇಲ್ಲಿಂದಲೇ ಇಂಗ್ಲೆಂಡ್ ಮತ್ತು ಯುರೋಪಿಗೆ ಬುಲೆಟ್ ರಫ್ತು ಶುರುವಾಯಿತು. ಕೈಯಾರೆ ಜೋಡಿಸಿ ಕಲಿತ ವಿದ್ಯೆ ಎಷ್ಟು ದೂರ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಬಲೂನು, ಬೆಂಕಿಕಡ್ಡಿ, ಬುಲೆಟ್

ಈ ಊರಿಗೂ ಆಟಿಕೆಗೂ ಹಳೆಯ ನಂಟು ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಇಂದು ಟಯರ್ ಉದ್ಯಮದ ದೈತ್ಯನಾಗಿರುವ ಎಂಆರ್‌ಎಫ್ ಹುಟ್ಟಿದ್ದು ಇಲ್ಲಿಯೇ. 1946ರಲ್ಲಿ ಕೆ.ಎಂ. ಮಾಮ್ಮೆನ್ ಮಾಪ್ಪಿಳ್ಳೈ ಅವರು ತಿರುವೊಟ್ಟಿಯೂರಿನ ಒಂದು ಶೆಡ್ಡಿನಲ್ಲಿ ಮಕ್ಕಳ ಬಲೂನು ತಯಾರಿಸುವ ಕೆಲಸ ಆರಂಭಿಸಿದರು. ಅದೇ ಮುಂದೆ ಮದ್ರಾಸ್ ರಬ್ಬರ್ ಫ್ಯಾಕ್ಟರಿ ಆಯಿತು. 2021ರ ಫೆಬ್ರವರಿಯಲ್ಲಿ ಮೆಟ್ರೊ ರೈಲು ಉತ್ತರಕ್ಕೆ ಬಂದು ನಿಂತ ವಿಮ್ಕೊ ನಗರಕ್ಕೆ ಆ ಹೆಸರು ಬಂದದ್ದು ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿಯ ಬೆಂಕಿಪೊಟ್ಟಣದ ಕಾರ್ಖಾನೆಯಿಂದ. ಬೆಂಕಿಕಡ್ಡಿ ಅಂಟಿಸಿ ಗೋಪುರ, ಹಡಗು, ಮನೆ ಕಟ್ಟದ ಬಾಲ್ಯ ಯಾರದ್ದಿದೆ? ಮಾಡೆಲ್ ಕಟ್ಟುವವರಲ್ಲಿ ಬಹುಮಂದಿ ಮೊದಲ ಪಾಠ ಕಲಿತದ್ದು ಆ ಕಡ್ಡಿಗಳಲ್ಲೇ. ಬಲೂನು, ಬೆಂಕಿಕಡ್ಡಿ, ಬುಲೆಟ್ ಮೂರೂ ಒಂದೇ ಊರಿನವು ಎನ್ನುವುದು ಕಾಕತಾಳೀಯವೇ ಇರಬಹುದು, ಆದರೂ ಸೊಗಸಾದ ಕಾಕತಾಳೀಯ.

ಹನ್ನೆರಡರಲ್ಲಿ ಒಂದು

ಆಟಿಕೆಗೂ ಸ್ಕೇಲ್ ಮಾಡೆಲ್‌ಗೂ ಇರುವ ವ್ಯತ್ಯಾಸ ಒಂದೇ ಮಾತಿನದು: ಪ್ರಮಾಣ. ಆಟಿಕೆ ಬೈಕಿನಲ್ಲಿ ಚಕ್ರ ಸ್ವಲ್ಪ ದೊಡ್ಡದಾದರೂ ನಡೆಯುತ್ತದೆ, ಹ್ಯಾಂಡಲ್ ದಪ್ಪಗಿದ್ದರೂ ಮಗು ದೂರು ಹೇಳುವುದಿಲ್ಲ. ಸ್ಕೇಲ್ ಮಾಡೆಲ್‌ನಲ್ಲಿ ಒಂದು ಅಳತೆ ಹಿಡಿದ ಮೇಲೆ ಮಡ್‌ಗಾರ್ಡ್‌ನಿಂದ ಬೋಲ್ಟಿನ ತಲೆಯವರೆಗೂ ಅದೇ ಅಳತೆ. ಬೈಕುಗಳಿಗೆ ಹೆಚ್ಚು ಬಳಕೆಯಲ್ಲಿರುವುದು 1:12. ಅಂದರೆ ನಿಜವಾದ ವಾಹನದ ಹನ್ನೆರಡು ಇಂಚು ಮಾಡೆಲ್‌ನಲ್ಲಿ ಒಂದು ಇಂಚು. ಜಪಾನಿನ ತಾಮಿಯಾ ಕಂಪನಿಯ ಬೈಕ್ ಕಿಟ್‌ಗಳಲ್ಲಿ ಹೆಚ್ಚಿನವು ಇದೇ ಪ್ರಮಾಣದವು. ವಿಮಾನಗಳಿಗೆ 1:72 ಪ್ರಸಿದ್ಧ, ಅಲ್ಲಿ ಒಂದು ಇಂಚಿಗೆ ಆರು ಅಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಶತ್ರು ವಿಮಾನವನ್ನು ಆಕಾಶದಲ್ಲಿ ಗುರುತಿಸಲು ಸೈನಿಕರಿಗೆ ಕಲಿಸುತ್ತಿದ್ದದ್ದು ಇಂಥ ಮಾದರಿಗಳಿಂದಲೇ. ಯುದ್ಧ ಟ್ಯಾಂಕುಗಳ 1:35 ಹುಟ್ಟಿದ್ದು ಇನ್ನೂ ವಿಚಿತ್ರವಾಗಿ. 1960ರ ದಶಕದ ಆರಂಭದಲ್ಲಿ ತಾಮಿಯಾ ತನ್ನ ಮೊದಲ ಟ್ಯಾಂಕ್ ಮಾಡುವಾಗ ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕಿತ್ತು. ಅವು ಹಿಡಿಸುವಷ್ಟು ದೊಡ್ಡದು ಮಾಡಿದಾಗ ಬಂದ ಅಳತೆಯೇ ಮುಂದೆ ಜಗತ್ತಿನ ನಿಯಮವಾಯಿತು!

ಬುಲೆಟ್ 350ನ್ನೇ ತೆಗೆದುಕೊಂಡರೆ ಲೆಕ್ಕ ಸ್ವಾರಸ್ಯಕರ. ಹಳೆಯ ಎಂಜಿನ್ನಿನ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90 ಮಿಲಿಮೀಟರ್. ಅದರಿಂದಲೇ 346 ಸಿಸಿ. 1:12ರಲ್ಲಿ ಆ 90 ಮಿಲಿಮೀಟರ್ ಏಳೂವರೆಗೆ ಇಳಿಯುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಸುಮಾರು 1,370 ಮಿಲಿಮೀಟರ್ ಇರುವುದು 114 ಆಗುತ್ತದೆ. ಇಡೀ ಗಾಡಿ ಒಂದು ಗೇಣಿಗೆ ತುಸು ಕಡಿಮೆ. ಮೂರು-ನಾಲ್ಕು ಮಿಲಿಮೀಟರ್ ದಪ್ಪದ ಚಕ್ರದ ಕಡ್ಡಿ ಕಾಲು ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ, ಅಂದರೆ ಗಿಟಾರಿನ ತೆಳು ತಂತಿಯಷ್ಟು. ತೂಕದ ಲೆಕ್ಕವಂತೂ ಬೆರಗು ಹುಟ್ಟಿಸುವಂಥದ್ದು. ಉದ್ದ, ಅಗಲ, ಎತ್ತರ ಮೂರೂ ಹನ್ನೆರಡು ಪಟ್ಟು ಕುಗ್ಗುವುದರಿಂದ ತೂಕ 12x12x12, ಅಂದರೆ 1,728 ಪಟ್ಟು ಕುಗ್ಗುತ್ತದೆ. ಸುಮಾರು 170 ಕಿಲೋ ತೂಗುವ ಬುಲೆಟ್ ಅದೇ ಲೋಹಗಳಲ್ಲಿ ಇಷ್ಟು ಸಣ್ಣದಾದರೆ ನೂರು ಗ್ರಾಂ ಮಾತ್ರ. ಸ್ಟ್ಯಾಂಡ್ ಹಾಕಲು ಇಬ್ಬರು ಬೇಕಾಗಿದ್ದ ಗಾಡಿಯನ್ನು ಮೊಮ್ಮಗಳು ಎರಡು ಬೆರಳಲ್ಲಿ ಎತ್ತಿಡುತ್ತಾಳೆ.

ಸಿದ್ಧ ಮಾದರಿ ಬೇಕೆನ್ನುವವರಿಗೂ ದಾರಿಯಿದೆ. ರಾಯಲ್ ಎನ್‌ಫೀಲ್ಡ್ ಕಂಪನಿಯೇ 2022ರಲ್ಲಿ ಕ್ಲಾಸಿಕ್ 500ರ ಮಾದರಿಯನ್ನು 1:3 ಪ್ರಮಾಣದಲ್ಲಿ ಹೊರತಂದಿತು. ಬಿಡಿಭಾಗಗಳು 964, ತೂಕ ಎಂಟೂವರೆ ಕಿಲೋ, ಬಿಡುಗಡೆಯಾದಾಗ ಬೆಲೆ 67,990 ರೂಪಾಯಿ. ಒಂದು ಕಾಲದಲ್ಲಿ ಈ ಹಣಕ್ಕೆ ನಿಜವಾದ ಬುಲೆಟ್ಟೇ ಮನೆಗೆ ಬರುತ್ತಿತ್ತಲ್ಲ ಎಂದು ಹಿರಿಯರು ಹುಬ್ಬೇರಿಸಿದರೆ ತಪ್ಪಿಲ್ಲ. ಅದು ನೋಡಲು ಚೆಂದ, ಸಂದೇಹವಿಲ್ಲ. ಆದರೆ ಆ 964 ಭಾಗಗಳನ್ನು ಕೂಡಿಸಿದ ಸಂತೋಷ ಬೇರೆ ಯಾರದೋ ಪಾಲಾಗಿರುತ್ತದೆ. ಷೋಕೇಸಿನಲ್ಲಿಡುವ ತೃಪ್ತಿ ಒಂದು, ಕಟ್ಟುವ ತೃಪ್ತಿ ಇನ್ನೊಂದು. ಈ ಹವ್ಯಾಸ ಎರಡನೆಯದಕ್ಕೆ ಸೇರಿದ್ದು.

ನಿಮ್ಮದು ಯಾವ ವರ್ಷದ ಬುಲೆಟ್?

ಮಾಡೆಲ್ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವುದು ಅಂಟಿನ ಸಮಸ್ಯೆಯಲ್ಲ, ಈ ಪ್ರಶ್ನೆ. ಏಕೆಂದರೆ ‘ಬುಲೆಟ್’ ಎಂಬುದು ಒಂದೇ ಗಾಡಿಯಲ್ಲ. ಹಳೆಯ ಬುಲೆಟ್‌ನಲ್ಲಿ ಗೇರು ಬಲಗಾಲಿಗೆ, ಹಿಂಬ್ರೇಕು ಎಡಗಾಲಿಗೆ. ಗೇರ್‌ಬಾಕ್ಸಿನ ಬಳಿ ನ್ಯೂಟ್ರಲ್ ಹುಡುಕುವ ಇನ್ನೊಂದು ಪುಟ್ಟ ಲಿವರ್ ಬೇರೆ. ಹೊಸ ಗಾಡಿಗಳಲ್ಲಿ ಗೇರು ಎಡಕ್ಕೆ ಬಂದಿದೆ, ಆ ಪುಟ್ಟ ಲಿವರ್ ಮಾಯವಾಗಿದೆ. ಹಳೆಯ ಎರಕದ ಕಬ್ಬಿಣದ ಎಂಜಿನ್ 2010ರ ಹೊತ್ತಿಗೆ ನಿಂತುಹೋಯಿತು. ಅದರ ಸಿಲಿಂಡರಿನ ಬಣ್ಣ, ಒರಟು ಮೈ ಬೇರೆ. ಅನಂತರದ ಅಲ್ಯುಮಿನಿಯಂ ಎಂಜಿನ್ನಿನ ಹೊಳಪು ಬೇರೆ. ಟ್ಯಾಂಕಿನ ಮೇಲೆ ‘ಎನ್‌ಫೀಲ್ಡ್’ ಎಂದಷ್ಟೇ ಇದ್ದ ಕಾಲವುಂಟು, ‘ರಾಯಲ್ ಎನ್‌ಫೀಲ್ಡ್’ ಎಂದಿದ್ದ ಕಾಲವುಂಟು. ಹೆಡ್‌ಲೈಟಿನ ಎರಡೂ ಬದಿಗೆ ಹುಲಿಯ ಕಣ್ಣಿನಂತೆ ಕೂತ ಎರಡು ಸಣ್ಣ ದೀಪಗಳು ಮಾತ್ರ ದಶಕಗಳಿಂದ ಹಾಗೆಯೇ ಇವೆ.

ಇಪ್ಪತ್ತು ವರ್ಷ ಅದೇ ಗಾಡಿ ಓಡಿಸಿದವರಿಗೂ ‘ಕಿಕ್ಕರಿನ ಪಕ್ಕದ ಆ ಮುಚ್ಚಳಕ್ಕೆ ಸ್ಕ್ರೂ ಎಷ್ಟು?’ ಎಂದು ಕೇಳಿದರೆ ತಡವರಿಸಬೇಕಾಗುತ್ತದೆ. ಮಾಡೆಲ್ ಕಟ್ಟುವವನಿಗೆ ಈ ವಿನಾಯಿತಿ ಇಲ್ಲ. ಎಣ್ಣೆ ಪೈಪು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ, ಕ್ಲಚ್ ಕೇಬಲ್ ಯಾವ ತಿರುವು ತೆಗೆದುಕೊಳ್ಳುತ್ತದೆ ಎಂಬುದನ್ನು ನೋಡದೆ ಅಂಟಿಸುವಂತಿಲ್ಲ. ನೋಡುವುದು ಮತ್ತು ಗಮನಿಸುವುದರ ನಡುವಿನ ವ್ಯತ್ಯಾಸ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಪುಸ್ತಕದಲ್ಲಿ, ಫೋಟೊದಲ್ಲಿ ಸಿಗದ್ದನ್ನು ಹೇಳುವವರು ಒಬ್ಬರೇ, ಆ ಯಂತ್ರದ ಜೊತೆ ದುಡಿದವರು. ಓರಗಡಂನಲ್ಲಿ 2013ರಲ್ಲಿ, ವಲ್ಲಂ ವಡಗಾಲ್‌ನಲ್ಲಿ 2017ರಲ್ಲಿ ಹೊಸ ಕಾರ್ಖಾನೆಗಳು ಬಂದ ಮೇಲೆ ಬುಲೆಟ್ ಉತ್ಪಾದನೆಯ ಭಾರ ನಗರದ ಇನ್ನೊಂದು ದಿಕ್ಕಿಗೆ ಸರಿದಿದೆ. ಹಳೆಯ ತಿರುವೊಟ್ಟಿಯೂರಿನಲ್ಲಿ ಪಾಳಿ ದುಡಿದವರು ಈಗ ನಿವೃತ್ತರು. ಉತ್ತರ ಚೆನ್ನೈನ ಕಾರ್ಖಾನೆಗಳಲ್ಲಿ ಫಿಟ್ಟರ್, ಟರ್ನರ್, ಪೇಂಟರ್ ಆಗಿ ಬದುಕು ಕಳೆದವರು ನಮ್ಮ ಸಂಘಗಳ ಸದಸ್ಯರ ಮನೆಗಳಲ್ಲೂ ಇದ್ದಾರು. ಅವರೆದುರು ಒಂದು ಅರೆಬರೆ ಮಾಡೆಲ್ ಇಟ್ಟು ‘ಇದು ಸರಿಯಿದೆಯೇ?’ ಎಂದು ಕೇಳುವುದು, ಸನ್ಮಾನದ ಶಾಲು ಹೊದಿಸುವುದಕ್ಕಿಂತ ಹೆಚ್ಚು ಮಾತನ್ನು ಹೊರಗೆ ತರಬಲ್ಲದು.

ಮೈಸೂರಿನ ಜಾವಾ

ಕನ್ನಡಿಗರ ಮನೆಯಲ್ಲಿ ಬುಲೆಟ್ ಸುದ್ದಿ ಬಂದರೆ ಜಾವಾದ ಸುದ್ದಿ ಬಾರದೆ ಇರುವುದಿಲ್ಲ. ತಿರುವೊಟ್ಟಿಯೂರಿಗೆ ಬುಲೆಟ್ ಹೇಗೋ ಮೈಸೂರಿನ ಯಾದವಗಿರಿಗೆ ಜಾವಾ ಹಾಗೆ. ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ 250 ಹೊರಬಂತು. ಮುಂದೆ ಅದೇ ಯೆಜ್ಡಿ ಆಯಿತು, ರೋಡ್‌ಕಿಂಗ್ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಬೈಕ್‌ಗಳು ಬಂದವಾದರೂ ಅವು ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ, ಮೈಸೂರಿನಲ್ಲಲ್ಲ.

ಮಾಡೆಲ್ ಕಟ್ಟುವವರಿಗೆ ಹಳೆಯ ಜಾವಾ ಒಂದು ಹಬ್ಬ. ಸಿಲಿಂಡರ್ ಒಂದೇ, ಆದರೆ ಹೊಗೆ ಕೊಳವೆ ಎರಡು! ಎಡಗಡೆಯ ಕಿಕ್ಕರ್ ಸ್ಟಾರ್ಟ್ ಮಾಡಿದ ಮೇಲೆ ಮುಂದಕ್ಕೆ ಮಡಚಿಕೊಂಡು ಅದೇ ಗೇರ್ ಲಿವರ್ ಆಗುತ್ತದೆ. ಗೊತ್ತಿಲ್ಲದವರು ಮಾಡೆಲ್ ಮಾಡಿದರೆ ಒಂದು ಕಿಕ್ಕರ್, ಅದರ ಪಕ್ಕದಲ್ಲಿ ಇನ್ನೊಂದು ಗೇರ್ ಲಿವರ್ ಅಂಟಿಸಿಯೇ ಬಿಡುತ್ತಾರೆ. ಬುಲೆಟ್ ಕಾರ್ಖಾನೆಯವರನ್ನು ಹುಡುಕಿ ಕೇಳಲು ಕಂಪನಿಯಾದರೂ ಉಳಿದಿದೆ. ಯಾದವಗಿರಿಯ ಗಾಡಿಗೆ ಆ ಅನುಕೂಲವಿಲ್ಲ. ಮನೆಯ ಹಿತ್ತಲಿನಲ್ಲಿ ತಾಡಪಾಲು ಹೊದ್ದು ನಿಂತ ಗಾಡಿಗಳು, ಅವನ್ನು ಬಿಚ್ಚಿ ಕಟ್ಟಬಲ್ಲ ಹಳೆಯ ಮೆಕ್ಯಾನಿಕ್‌ಗಳು, ಅಭಿಮಾನಿಗಳು ಜುಲೈನಲ್ಲಿ ಆಚರಿಸುವ ಜಾವಾ ದಿನ, ಇಷ್ಟೇ ಉಳಿದಿರುವುದು. ಜೆಕ್ ದೇಶದಲ್ಲಿ ಅಬ್ರೆಕ್ಸ್ ಎಂಬ ಕಂಪನಿ ಹಳೆಯ ಜಾವಾಗಳನ್ನು 1:18ರಲ್ಲಿ ಮಾಡಿ ಮಾರುತ್ತದೆ. ಆದರೆ ಮೈಸೂರಿನ ಜಾವಾಕ್ಕೆ ಕೆಎ ಅಲ್ಲದ, ಹಳೆಯ ‘ಎಂವೈ’ ನಂಬರ್ ಪ್ಲೇಟು ಹಾಕಬೇಕೆಂದು ತಿಳಿದವನು ಅಲ್ಲಿ ಎಲ್ಲಿ ಸಿಕ್ಕಾನು? ಅದನ್ನು ನಮ್ಮವರೇ ಬರೆಯಬೇಕು.

ರಿಚಿ ಸ್ಟ್ರೀಟಿನ ತಂತಿ, ಅಡುಗೆಮನೆಯ ಫಾಯಿಲ್

ಹೊರದೇಶದ ಕಿಟ್‌ಗಳು ದುಬಾರಿ ಎಂಬುದು ನಿಜ. ಆದರೆ ಎಲ್ಲವನ್ನೂ ಕೊಳ್ಳಬೇಕೆಂದೇನೂ ಇಲ್ಲ. ಕಿಟ್ ಇಲ್ಲದೆ ಮೊದಲಿನಿಂದ ಕೈಯಲ್ಲೇ ಕಟ್ಟುವವರಿಗೆ ಚೆನ್ನೈನಂಥ ಊರು ಮತ್ತೊಂದಿಲ್ಲ. ಟ್ಯಾಂಕು, ಮಡ್‌ಗಾರ್ಡ್‌ಗಳಿಗೆ ಬೋರ್ಡು ಬರೆಯುವವರ ಹತ್ತಿರ ಉಳಿದ ಸನ್‌ಬೋರ್ಡ್ ತುಂಡು, ಅವಧಿ ಮುಗಿದ ಎಟಿಎಂ ಕಾರ್ಡು. ಫೋರ್ಕಿಗೆ, ಸೈಲೆನ್ಸರಿಗೆ ಬಾಲ್‌ಪೆನ್ನಿನ ರೀಫಿಲ್ಲು. ಕೇಬಲ್ಲುಗಳಿಗೆ ರಿಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುವ ತೆಳು ವೈರು. ಸಂದು ತುಂಬಲು ಎಂ-ಸೀಲ್, ಕ್ರೋಮಿನ ಹೊಳಪಿಗೆ ಅಡುಗೆಮನೆಯ ಫಾಯಿಲ್. ಇನ್ನು ನಿಜವಾದ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಅಳತೆ ತೆಗೆದುಕೊಳ್ಳಬೇಕೆಂದರೆ ಪುದುಪೇಟೆಯ ಹಳೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ. ಏನನ್ನೂ ಕೊಳ್ಳದೆ ಟೇಪು ಹಿಡಿದು ಅಳೆಯುವ ಗಿರಾಕಿಯನ್ನು ಅಂಗಡಿಯವರು ವಿಚಿತ್ರವಾಗಿ ನೋಡುವುದಂತೂ ಖಂಡಿತ. ಒಂದು ಹಳೆಯ ಬ್ಯಾಡ್ಜನ್ನಾದರೂ ಕೊಂಡರೆ ಮಾತು ಸಲೀಸು.

ಅಂಟಿನ ವಿಷಯದಲ್ಲಿ ಎಚ್ಚರ ಅಗತ್ಯ. ಕಿಟ್‌ಗಳಿಗೆ ಬಳಸುವ ಪ್ಲಾಸ್ಟಿಕ್ ಸಿಮೆಂಟ್ ಎರಡು ಭಾಗಗಳ ಅಂಚನ್ನೇ ಕರಗಿಸಿ ಒಂದು ಮಾಡುತ್ತದೆ, ಆದ್ದರಿಂದ ಒಂದು ಹನಿ ಹೆಚ್ಚಾದರೂ ಮೈಯೇ ಕರಗುತ್ತದೆ. ಫೆವಿಕ್ವಿಕ್ ಮಾದರಿಯ ಅಂಟು ಕ್ಷಣದಲ್ಲಿ ಹಿಡಿದರೂ ಹೆಡ್‌ಲೈಟಿನ ಗಾಜಿನಂಥ ಪಾರದರ್ಶಕ ಭಾಗದ ಹತ್ತಿರ ತಂದರೆ ಬಿಳಿ ಮಬ್ಬು ಕಟ್ಟಿಸುತ್ತದೆ. ಅಂಥ ಕಡೆಗೆ ನಮ್ಮ ಸಾದಾ ಫೆವಿಕಾಲೇ ಉತ್ತಮ. ತಿನ್ನರು, ಸ್ಪ್ರೇ ಬಳಸುವಾಗ ಕಿಟಕಿ ತೆರೆದಿರಲೇಬೇಕು, ಸಣ್ಣ ಮಕ್ಕಳು ಹತ್ತಿರ ಇರಬಾರದು.

ಕಡಲ ಪಕ್ಕದ ಊರಿನಲ್ಲಿ ಇನ್ನೊಂದು ತಾಪತ್ರಯ ಹವೆ. ಐಪ್ಪಸಿ-ಕಾರ್ತಿಗೈ ಮಳೆಯ ದಿನಗಳಲ್ಲಿ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಲ್ಯಾಕರ್ ಸ್ಪ್ರೇ ಹೊಡೆದರೆ ಗಾಳಿಯ ತೇವ ಬಣ್ಣದೊಳಗೆ ಸೇರಿ ಕಪ್ಪು ಟ್ಯಾಂಕು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಆ ಮೂರು ತಿಂಗಳು ಕತ್ತರಿಸುವ, ಉಜ್ಜುವ, ಜೋಡಿಸುವ ಕೆಲಸ ಇಟ್ಟುಕೊಂಡು ಬಣ್ಣವನ್ನು ಪೊಂಗಲ್ ಆದ ಮೇಲೆ ಹಚ್ಚುವುದು ಜಾಣತನ. ಉಪ್ಪುಗಾಳಿಗೆ ಕಬ್ಬಿಣದ ತಂತಿ ತುಕ್ಕು ಹಿಡಿದು ಒಳಗಿಂದ ಬಣ್ಣವನ್ನು ಎಬ್ಬಿಸುತ್ತದೆ, ಹಾಗಾಗಿ ಚಕ್ರದ ಕಡ್ಡಿಗೆ ತಾಮ್ರವೋ ಸ್ಟೇನ್‌ಲೆಸ್ ಸ್ಟೀಲೋ ಇರಲಿ. ಬಣ್ಣದಲ್ಲೂ ಒಂದು ಗುಟ್ಟಿದೆ. ನಿಜವಾದ ಗಾಡಿಯ ಡಬ್ಬಿಯ ಬಣ್ಣವನ್ನೇ ತಂದು ಹಚ್ಚಿದರೆ ಪುಟ್ಟ ಮಾಡೆಲ್‌ನಲ್ಲಿ ಅದು ಗಾಢವಾಗಿ ಕಾಣುತ್ತದೆ. ದೂರದಿಂದ ನೋಡಿದಾಗ ಬಣ್ಣ ಮಸುಕಾಗುವಂತೆ ಇಲ್ಲಿಯೂ ಕೊಂಚ ಬಿಳಿ ಬೆರೆಸಿ ತೆಳುವಾಗಿಸಬೇಕು.

ಗೊಂಬೆ ಮೆಟ್ಟಿಲಿನ ಪಕ್ಕದಲ್ಲಿ

ಹಾಗೆ ನೋಡಿದರೆ ಸಣ್ಣದರಲ್ಲಿ ದೊಡ್ಡದನ್ನು ಕಾಣುವ ಗೀಳು ನಮ್ಮವರಿಗೆ ಹೊಸದೇನಲ್ಲ. ಗದಗ ಬಳಿಯ ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಗೋಡೆಗಳ ಮುಂದೆ ನಿಂತು ನೋಡಿದವರಿಗೆ ಇದು ಗೊತ್ತು. ಗುಡಿಯ ಗೋಡೆಯ ಮೇಲೇ ಪುಟ್ಟ ಪುಟ್ಟ ಗುಡಿಗಳು, ಅವುಗಳಿಗೆ ಶಿಖರ, ಕಲಶ ಎಲ್ಲ ಇರುವ ಕಿರು ಮಾದರಿಗಳನ್ನು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಕೆತ್ತಿಟ್ಟಿದ್ದಾರೆ. ದಸರಾ ಬಂದರೆ ಚೆನ್ನೈನ ಕನ್ನಡ ಮನೆಗಳಲ್ಲಿ ಪಟ್ಟದ ಗೊಂಬೆ ಕೂರುತ್ತದೆ, ತಮಿಳು ಮನೆಗಳಲ್ಲಿ ಕೊಲು. ಎರಡೂ ಕಡೆ ಮೆಟ್ಟಿಲಿನ ಪಕ್ಕದಲ್ಲಿ ಮರಳು ಹರಡಿ ಪಾರ್ಕು, ರಸ್ತೆ, ಕೊಳ ಮಾಡುವ ರೂಢಿ. ಅಲ್ಲಿ ಕೃಷ್ಣ ಮನೆಗಿಂತ ಎತ್ತರ, ಹಸು ಬಸ್ಸಿಗಿಂತ ದೊಡ್ಡದು. ಯಾರೂ ಆಕ್ಷೇಪಿಸುವುದಿಲ್ಲ, ಅದು ಹಬ್ಬದ ಸೊಗಸು. ಪ್ರಮಾಣದ ಹುಚ್ಚು ಹಿಡಿದವರಿಗೆ ಆ ಪಾರ್ಕಿನ ಒಂದು ಮೂಲೆಯನ್ನು ಬಿಟ್ಟುಕೊಟ್ಟರೆ ಅಲ್ಲೊಂದು ಟೀ ಅಂಗಡಿ, ಅದರ ಮುಂದೊಂದು ಬುಲೆಟ್, ಬೆಂಚಿನ ಮೇಲೊಂದು ದಿನಪತ್ರಿಕೆ ಎಲ್ಲವೂ 1:12ರಲ್ಲಿ ಎದ್ದು ನಿಲ್ಲುತ್ತವೆ. ಗೊಂಬೆ ನೋಡಲು ಬಂದವರು ಅರಿಶಿನ ಕುಂಕುಮ ಪಡೆದು, ಚುಂಡಲ್ ತಿನ್ನುತ್ತ ಅಲ್ಲೇ ಹೆಚ್ಚು ಹೊತ್ತು ನಿಂತರೆ ಆಶ್ಚರ್ಯವಿಲ್ಲ.

ರೈಲು ಮೆಚ್ಚುವವರಿಗೆ ಬೇರೆಯೇ ಲೋಕವಿದೆ. ಪುಣೆಯ ಜೋಶಿ ಮಿನಿಯೇಚರ್ ರೈಲ್ವೇಸ್ ಮ್ಯೂಸಿಯಂನಲ್ಲಿ 1:87ರ ಪ್ರಮಾಣದ ಇಡೀ ಪಟ್ಟಣವೇ ಓಡುತ್ತದೆ. ಇಲ್ಲಿಯೇ ಪೆರಂಬೂರಿನ ಐಸಿಎಫ್ ಬಳಿಯ ರೈಲ್ ಮ್ಯೂಸಿಯಂ, ಊರಿಗೆ ಹೋದಾಗ 1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂ ನೋಡಬಹುದು.

ಎರಡು ಕೋಣೆಯ ಫ್ಲಾಟಿನಲ್ಲಿ ಇದಕ್ಕೆಲ್ಲ ಜಾಗ ಎಲ್ಲಿ ಎಂಬ ಪ್ರಶ್ನೆ ಸಹಜವೇ. ಊಟದ ಟೇಬಲ್ಲಿನ ಅರ್ಧ, ಒಂದು ಟ್ರೇ, ಒಂದು ಲ್ಯಾಂಪು ಸಾಕು. ಊಟದ ವೇಳೆಗೆ ಟ್ರೇ ಎತ್ತಿಟ್ಟರೆ ಮುಗಿಯಿತು. ಕೆಳಗೆ ಬಿದ್ದ ಸಣ್ಣ ಸ್ಕ್ರೂ ಮರುದಿನ ಕಸ ಗುಡಿಸುವಾಗ ಸಿಗುತ್ತದೆ, ಕೆಲವೊಮ್ಮೆ ಸಿಗುವುದಿಲ್ಲ. ಟ್ರೇಗೆ ಬಿಳಿ ಬಟ್ಟೆ ಹಾಸಿಕೊಳ್ಳುವುದು ಅದಕ್ಕೇ.

ಗೆರೆ ಎಳೆಯುವ ದಿನ

ಬುಲೆಟ್ ಮಾಡೆಲ್‌ನಲ್ಲಿ ಎಲ್ಲಕ್ಕೂ ಕೊನೆಯ ಕೆಲಸ ಟ್ಯಾಂಕಿನ ಮೇಲಿನ ಚಿನ್ನದ ಬಣ್ಣದ ಗೆರೆ. ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಈ ಗೆರೆಯನ್ನು ಯಂತ್ರ ಎಳೆಯುತ್ತಿರಲಿಲ್ಲ. ಸ್ಟಿಕ್ಕರೂ ಅಲ್ಲ, ಅಚ್ಚೂ ಅಲ್ಲ, ಅಳತೆಪಟ್ಟಿಯೂ ಇಲ್ಲ. ಅಣ್ಣತಮ್ಮಂದಿರಿಬ್ಬರು ಉದ್ದ ಕೂದಲಿನ ಬ್ರಷ್ ಹಿಡಿದು, ಟ್ಯಾಂಕಿನ ಉಬ್ಬಿನ ಗುಂಟ ಒಂದೇ ಎಳೆತದಲ್ಲಿ ಕೈಯಿಂದಲೇ ಎಳೆಯುತ್ತಿದ್ದ ಗೆರೆ ಅದು. ತಂದೆಯಿಂದ ಬಂದ ವಿದ್ಯೆ. ‘ಮದ್ರಾಸ್ ಸ್ಟ್ರೈಪ್ಸ್’ ಎಂಬ ಹೆಸರಿನಲ್ಲಿ ಅದು ದೇಶದಾಚೆಗೂ ಪ್ರಸಿದ್ಧ. ಎರಡು ಟ್ಯಾಂಕುಗಳ ಗೆರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದಿಲ್ಲ, ಆ ವ್ಯತ್ಯಾಸವೇ ಅದರ ಸಹಿ.

ಟ್ಯಾಂಕಿನ ಮೇಲಿನ ಗೆರೆ ಮೂರು ಮಿಲಿಮೀಟರ್ ಎಂದಿಟ್ಟುಕೊಂಡರೆ 1:12ರಲ್ಲಿ ಅದು ಕಾಲು ಮಿಲಿಮೀಟರ್. ಇದಕ್ಕೆ ಅಂಗಡಿಯ ಡೀಕಾಲ್ ಅಂಟಿಸಬಹುದು, ಸುಲಭ. ಕೈಯಿಂದಲೇ ಎಳೆಯುವೆ ಎನ್ನುವವರು ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಬ್ರಷ್ಷನ್ನು ಬಿಗಿ ಹಿಡಿದು, ಅದಕ್ಕಿಂತ ಹೆಚ್ಚಾಗಿ ಟ್ಯಾಂಕನ್ನೇ ನಿಧಾನಕ್ಕೆ ತಿರುಗಿಸಬೇಕು. ಮೊಣಕೈ ಟೇಬಲ್ಲಿಗೆ ಊರಿರಬೇಕು, ಫ್ಯಾನ್ ನಿಂತಿರಬೇಕು, ಮನೆಯವರು ಆ ಎರಡು ನಿಮಿಷ ಮಾತಾಡಿಸಬಾರದು. ಕೆಳಗಿನ ಮೈಬಣ್ಣ ಪೂರ್ತಿ ಒಣಗಿದ್ದು, ಗೆರೆಗೆ ನೀರಿನ ಅಕ್ರಿಲಿಕ್ ಬಳಸಿದ್ದರೆ, ಕೈ ನಡುಗಿ ಗೆರೆ ಓಡಿದರೂ ಅದು ಒಣಗುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆಯಬಹುದು. ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಗೆರೆ ಕೂರುತ್ತದೆ. ಆಮೇಲೆ ಫ್ಯಾನ್ ಹಾಕಬಹುದು.